ತಕರಾರುದಾರರ ಒಪ್ಪಿಗೆ

ನನ್ನ ಗಂಡ ಪತ್ರ ಬರೆಯುವವರು. ಊರಿನಲ್ಲಿ ಯಾರು ಜಾಗ ಮಾರಲಿ, ಯಾರು ಕೊಳ್ಳಲಿ, ಕರಾರು ಇವರ ಕೈಯಿಂದಲೇ ಆಗಬೇಕು. ಬರೆಯಲು ಕೂತರೆ ಯಾರನ್ನೂ ನಂಬುವುದಿಲ್ಲ. ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಗೊತ್ತಿಲ್ಲದ ಈ ಮನುಷ್ಯ ಕಾಗದದ ಮೇಲೆ ಮಾತ್ರ ಹುಲಿ.

ನಾನು ಸಸಿ ಬೆಳೆಸಿ ಮಾರುವವಳು. ಇಷ್ಟು ವರ್ಷ ಬಾಡಿಗೆಯ ತಾರಸಿಯ ಮೇಲೆ ಕುಂಡಗಳನ್ನಿಟ್ಟುಕೊಂಡು ಹೇಗೋ ಕಾಲ ಹಾಕಿದ್ದೆ. ಈಗ ಮಾಲೀಕರು ತಾರಸಿ ಖಾಲಿ ಮಾಡಿ ಎಂದಿದ್ದರು. ಆಗ ಕೈ ಹಿಡಿದದ್ದು ನನ್ನ ಸೋದರತ್ತೆ. ತಮ್ಮ ಖಾಲಿ ಜಾಗವನ್ನು ನಮಗೇ ಮಾರಲು ಒಪ್ಪಿದರು. ಅದು ತಪ್ಪಿದರೆ ಗಿಡಗಳನ್ನೆಲ್ಲ ಸಿಕ್ಕಿದ ಬೆಲೆಗೆ ಮಾರಿ ಕೈಕಟ್ಟಿ ಕೂರಬೇಕಿತ್ತು.

ಕರಾರು ನನ್ನವರೇ ಬರೆದರು. ಅಷ್ಟರಲ್ಲಿ ಇಟ್ಟಿಗೆ ವ್ಯಾಪಾರಿಯೊಬ್ಬ, "ಆಯಮ್ಮ ಮೊದಲು ನಂಗೆ ಮಾತು ಕೊಟ್ಟಿದ್ರು" ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ಅತ್ತೆ ಅವನಿಗೆ ಕೊಟ್ಟದ್ದು ಒಂದು ಲೋಟ ನೀರು, ಅಷ್ಟೇ. ನನ್ನವರು ಸುಮ್ಮನಿರುತ್ತಾರೆಯೇ? ನೋಂದಣಿ ಕಚೇರಿಗೆ ಓಡಿ ತಕರಾರು ಅರ್ಜಿ ಹಾಕಿ ಬಂದರು: ತಮಗೆ ನೋಟಿಸ್ ಕೊಡದೆ ಈ ಜಾಗವನ್ನು ಯಾರ ಹೆಸರಿಗೂ ನೋಂದಾಯಿಸಕೂಡದು.

ಬೇಗ ಮುಗಿಸಿ ಎಂದು ನಾನು ಬಾಯಿ ಬಡಿದುಕೊಂಡರೂ ಕ್ರಯಪತ್ರವನ್ನು ತಿದ್ದಿ ತಿದ್ದಿ ಕರಾರಿನ ಗಡುವಿನ ಕೊನೆಯ ದಿನಕ್ಕೆ ತಂದು ನಿಲ್ಲಿಸಿದರು. ಅಂದು ಅತ್ತೆಯನ್ನು ಕರೆದುಕೊಂಡು ಕಚೇರಿಗೆ ಹೋದರೆ, ಇಟ್ಟಿಗೆಯವನು ಗಡುವಿನ ವಾಸನೆ ಹಿಡಿದು ಬೆಂಚಿನ ಮೇಲೆ ಆಗಲೇ ಹಾಜರಿದ್ದ.

ಗುಮಾಸ್ತರು ಕಂಪ್ಯೂಟರ್ ನೋಡಿ, "ಇದಕ್ಕೆ ತಕರಾರಿದೆ. ತಕರಾರುದಾರರಿಗೆ ನೋಟಿಸ್ ಹೋಗ್ಬೇಕು" ಅಂದರು.

"ಯಾರ್ರೀ ಅದು?" ಎಂದು ನಾನು ಇಟ್ಟಿಗೆಯವನನ್ನು ಸುಟ್ಟುಬಿಡುವಂತೆ ನೋಡಿದೆ.

ಗುಮಾಸ್ತರು ನನ್ನವರ ಹೆಸರು ಓದಿದರು.

"ಅದು ನಾನೇ," ಅಂದರು ನನ್ನವರು. "ಇಲ್ಲೇ ಇದ್ದೀನಲ್ಲ ಸ್ವಾಮಿ."

"ಇದ್ರೆ ಆಯ್ತಾ? ಯಾರ ಹೆಸರಿಗೂ ಮಾಡಬಾರದು ಅಂದೋರು ನೀವೇ. ಈಗ ವಾಪಸ್ ತಗೊಳ್ಳೋಕೆ ಬೇರೆ ಅರ್ಜಿ ಕೊಡಿ. ಸಾಹೇಬ್ರು ಸೋಮವಾರ ನೋಡ್ತಾರೆ."

ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿ ಹಾಕಿಕೊಳ್ಳುವುದು ಎಂದರೆ ಇದೇ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇಟ್ಟಿಗೆಯವನಿಗೆ ತಕ್ಷಣ ತಿಳಿಯಿತು. ಎದ್ದು ಬಂದು ಅತ್ತೆಗೆ, "ಗಡುವು ಇವತ್ತಿಗೆ ಮುಗೀತಲ್ಲಮ್ಮ. ಇನ್ನು ಆ ಕರಾರು ನಡೆಯಲ್ಲ. ನಿಮಗೆ ಯಾರ ಹಂಗೂ ಇಲ್ಲ. ನಾನು ಜಾಸ್ತಿ ಕೊಡ್ತೀನಿ" ಅಂದ.

ಅವನು ಹೇಳಿದ್ದು ಸುಳ್ಳಲ್ಲ. ಗಡುವು ದಾಟಿದರೆ ಕರಾರು ರದ್ದು ಎಂದು ಬರೆದವರು ನನ್ನ ಗಂಡನೇ.

ಅತ್ತೆ ನಿಧಾನವಾಗಿ ಕನ್ನಡಕ ತೆಗೆದು ಒರೆಸಿಕೊಂಡರು. "ಗಡುವು ಮುಗಿದಿದ್ದು ಕಾಗದಕ್ಕಪ್ಪ. ನಾನಿನ್ನೂ ಇದ್ದೀನಲ್ಲ."

"ಹಾಗಾದ್ರೆ ಹೊಸ ಕರಾರು ಬರೀಲಾ ಅತ್ತೆ?" ನನ್ನವರ ಕೈ ಆಗಲೇ ಪೆನ್ನಿನ ಮೇಲಿತ್ತು.

"ಬೇಡಿ ಅಳಿಯಂದ್ರೆ. ನೀವು ಬರೆದಷ್ಟೂ ನಿಮಗೇ ಅಡ್ಡ ಬರುತ್ತೆ." ನನ್ನ ಕಡೆ ತಿರುಗಿ ಜಾಗದ ಗೇಟಿನ ಬೀಗದ ಕೈ ಕೊಟ್ಟರು. "ಸೋಮವಾರದ ತನಕ ಯಾಕೆ ಕಾಯ್ತೀಯೆ? ಗಿಡ ಸಾಗಿಸು."

ಹುಟ್ಟಿದಾಗಿನಿಂದ ಯಾರನ್ನೂ ನಂಬದ ನನ್ನವರು ಅಂದು ಸಂಜೆ, ಇನ್ನೂ ನೋಂದಣಿಯೇ ಆಗದ ಜಾಗದಲ್ಲಿ, ನನ್ನ ಕುಂಡಗಳನ್ನು ಒಂದೊಂದಾಗಿ ಎತ್ತಿ ಇಳಿಸಿದರು. ಅವರನ್ನು ಬೈಯಬೇಕೆಂದು ದಾರಿಯುದ್ದಕ್ಕೂ ಕೂಡಿಟ್ಟುಕೊಂಡಿದ್ದ ಮಾತುಗಳನ್ನೆಲ್ಲ ಬಿಟ್ಟು ನಾನು ಮುಂದಿನ ಕುಂಡವನ್ನು ಅವರ ಕೈಗಿಟ್ಟೆ.