ಬೆಕ್ತುರ್ ಕೇಳುವ ದಿನ

ಮತ್ತೆ ಅದೇ ಸದ್ದು, ಎಡಗಡೆ ಎಲ್ಲೋ, ಟಿಕ್ ಎನ್ನುತ್ತದೆ, ನಿಲ್ಲುತ್ತದೆ, ರಸ್ತೆಯಲ್ಲಿ ತೇಪೆ ಬಂದರೆ ಮತ್ತೆ ಟಿಕ್, ಬೇರಿಂಗ್ ಹೋಯಿತೇ, ಇವತ್ತೇ ಹೋಗಬೇಕೇ — ಇಲ್ಲ, ಹಿಂದಿನಿಂದ ಚಾಚಿಕೊಂಡ ಪರದೆಯ ಕಂಬಿ ಅಮ್ಮನ ಸೀಟಿಗೆ ತಾಗುತ್ತಿದೆ ಅಷ್ಟೆ, ನಿನ್ನೆಯೇ ಗಿರಾಕಿಯ ಮನೆಗೆ ಹಾಕಿ ಬರಬೇಕಿದ್ದ ಕಂಬಿ, ಹಾಕಲಿಲ್ಲ, ಸಂಜೆಯೆಲ್ಲ ಕಾರು ತೊಳೆಯುತ್ತ ಕಳೆದೆ, ಕೈಬಿಟ್ಟು ಹೋಗುವ ಕಾರನ್ನು ಯಾರಾದರೂ ಇಷ್ಟು ಉಜ್ಜುತ್ತಾರೆಯೇ, ಉಜ್ಜುತ್ತಾರೆ, ಮಗಳನ್ನು ಕಳಿಸಿಕೊಡುವ ದಿನ ಜಡೆ ಹೆಣೆಯುವುದಿಲ್ಲವೇ ಹಾಗೆ. ಅಮ್ಮ ಮಡಿಲಲ್ಲಿ ಬೋರ್ಸೋಕಿನ ಗಂಟನ್ನು ಎರಡೂ ಕೈಯಿಂದ ಹಿಡಿದಿದ್ದಾಳೆ, ಬೆಳಿಗ್ಗೆ ಎದ್ದು ಕರಿದದ್ದು, ಕಾರಿನ ತುಂಬ ಎಣ್ಣೆ ಹಿಟ್ಟಿನ ವಾಸನೆ. ನಿಧಾನ ಕಣೇ ಕನಿಶಾಯ್, ಬೋರ್ಸೋಕ್ ಎಲ್ಲಾ ಕುಣೀತಿವೆ. ನಿಧಾನವಾಗೇ ಹೋಗ್ತಿದೀನಮ್ಮ, ರಸ್ತೆ ಹಾಗಿದೆ. ರಸ್ತೆ ಹಾಗಿಲ್ಲ, ನಿನ್ನ ಕಾರು ಹಾಗಿದೆ. ನಿಜ, ಇದರ ಸ್ಪ್ರಿಂಗುಗಳು ಕಲ್ಲಿನಂತೆ ಗಟ್ಟಿ, ನಾಣ್ಯದ ಮೇಲೆ ಹತ್ತಿದರೂ ತಲೆಯೋ ಬಾಲವೋ ಎಂದು ಸೊಂಟಕ್ಕೆ ತಿಳಿಯುತ್ತದೆ, ಆದರೆ ಅದನ್ನು ನಾನು ಹೇಳಬೇಕು, ಬೇರೆಯವರು ಹೇಳಬಾರದು. ಬಾಲಿಕ್ಚಿ ದಾಟಿದೆವು. ಹೊಗೆ ಹಾಕಿದ ಮೀನು ಮಾರುವ ಹೆಂಗಸರು ಕಾರಿನ ಸದ್ದಿಗೆ ತಿರುಗಿ ನೋಡಿದರು, ಗಂಡಸು ಇಳಿಯುತ್ತಾನೆ ಎಂದುಕೊಂಡಿರಬೇಕು, ನಾವು ಇಳಿಯಲೇ ಇಲ್ಲ.

ತಾಯೆಜೆ, ಈ ಸಲ ಕೇಳ್ತೀನಿ, ಸಿದ್ಧವಾಗಿರಿ — ಹಾಗೆಂದು ಚಿಕ್ಕಮ್ಮನಾದ ನನಗೆ ಸಂದೇಶ ಕಳಿಸಿದ್ದಾನೆ ಬೆಕ್ತುರ್, ಅಕ್ಕ ಸಲ್ತನತಳ ಮಗ, ಸೈನ್ಯದಿಂದ ಬಿಡುಗಡೆಯಾಗಿ ಮೊನ್ನೆ ಕೊಚ್ಕೋರಿಗೆ ಬಂದವನು, ಇವತ್ತು ಅವನಿಗಾಗಿ ಔತಣ, ಕುರಿ ಕಡಿದಿದ್ದಾರೆ, ಊರೆಲ್ಲ ಬರುತ್ತದೆ. ಅಕ್ಕತಂಗಿಯರ ಮಗ ತಾಯಿಯ ತವರಿನವರನ್ನು ಏನು ಕೇಳಿದರೂ ಇಲ್ಲವೆನ್ನುವ ಹಾಗಿಲ್ಲ, ಕುದುರೆ ಎಂದರೆ ಕುದುರೆ, ಜೀನು ಎಂದರೆ ಜೀನು, ಕೊಡದೆ ಮನಸ್ಸು ನೋಯಿಸಿದರೆ ಕೈ ನಡುಗುತ್ತದಂತೆ — ಪರದೆ ಹೊಲಿಯುವವಳ ಕೈ ನಡುಗಿದರೆ ಆಮೇಲೆ ಏನು ಉಳಿಯಿತು. ಅವನು ಏನು ಕೇಳುತ್ತಾನೆಂದು ಹೇಳಬೇಕೇ, ಮೀಸೆ ಮೂಡುವ ಮೊದಲಿನಿಂದ ಈ ಕಾರಿನ ಮೂತಿಯ ಮೇಲೆ ಕೈ ಇಟ್ಟು ಫೋಟೊ ತೆಗೆಸಿಕೊಂಡವನು, ಬಾನೆಟ್ ತೆಗೆದರೆ ಊಟ ಮರೆತವನು. ಅಪ್ಪ ಕೊಟ್ಟ, ತನ್ನ ಬೂದು ಓಟದ ಕುದುರೆಯನ್ನು ತನ್ನ ತಂಗಿಯ ಮಗ ಕೇಳಿದಾಗ ಅಪ್ಪ ನಗುತ್ತಲೇ ಹಗ್ಗ ಕೈಗಿಟ್ಟ, ಹಲ್ಲೆಲ್ಲ ಕಾಣುವ ಹಾಗೆ ನಕ್ಕ, ಆಮೇಲೆ ಲಾಯದ ಹಿಂದೆ ಹೋಗಿ ಎಷ್ಟೋ ಹೊತ್ತು ಬರಲಿಲ್ಲ, ಅಮ್ಮ ಚಹಾ ಒಯ್ದಳು, ಚಹಾ ಹಾಗೇ ತಿರುಗಿ ಬಂತು. ನಾನೂ ನಗಬೇಕು. ಕನ್ನಡಿಯಲ್ಲಿ ಒಮ್ಮೆ ನಕ್ಕು ನೋಡಿದೆ, ಹಲ್ಲುನೋವಿನವಳ ಹಾಗಿದ್ದೇನೆ.

ಮುಂದೆ ಲಾರಿ. ಜಲಾಶಯದ ಪಕ್ಕದ ಈ ರಸ್ತೆಯಲ್ಲಿ ಲಾರಿ ಸಿಕ್ಕಿದರೆ ಸಿಕ್ಕಿತು, ಜಪಾನಿನ ಕಾರು, ಸ್ಟೀರಿಂಗ್ ಬಲಕ್ಕೆ, ನಮ್ಮ ಓಡಾಟವೂ ಬಲಕ್ಕೆ, ನನಗೆ ಕಾಣುವುದು ಲಾರಿಯ ಬೆನ್ನು ಮತ್ತು ಹಳ್ಳ, ಎದುರು ಕಾಣುವುದು ಎಡಗಡೆ ಕೂತ ಅಮ್ಮನಿಗೆ. ತಡಿ. ತಡಿ. ಒಂದು ಬರ್ತಿದೆ, ಬಿಳೀದು. ಹೋಯ್ತು. ಈಗ ಹೋಗು ಮಗಳೇ, ಖಾಲಿ. ಗೇರನ್ನು ಎರಡಕ್ಕೆ ಇಳಿಸಿ ಆಕ್ಸಿಲರೇಟರ್ ಒತ್ತುತ್ತೇನೆ, ಒಂದು ಕ್ಷಣ ಏನೂ ಆಗುವುದಿಲ್ಲ, ಆಮೇಲೆ ಟರ್ಬೊದ ಆ ಸಿಳ್ಳು, ಬೆನ್ನಿಗೆ ಯಾರೋ ಎರಡೂ ಅಂಗೈ ಕೊಟ್ಟು ನೂಕಿದ ಹಾಗೆ, ಲಾರಿ ಹಿಂದಾಯಿತು, ತಲೆಯೊಳಗಿನ ಗಲಾಟೆಯೂ ಹಿಂದಾಯಿತು, ಇದಕ್ಕೇ, ಈ ಒಂದು ಉಸಿರಿಗೇ ನಾನು ಈ ಕಾರನ್ನು ಸಾಕಿದ್ದೇನೆ, ಯಾರಿಗೂ ಹೇಳಿಲ್ಲ, ಹೇಳಿದರೆ ನಗುತ್ತಾರೆ. ಅಮ್ಮನೂ ನಗುತ್ತಿದ್ದಾಳೆ, ಹೆದರಿಕೆಗೋ ಖುಷಿಗೋ, ಥೂ ನಿನ್ನ, ಹೊಟ್ಟೆ ಹಿಂದೇ ಉಳೀತು, ಎನ್ನುತ್ತ ಬೋರ್ಸೋಕಿನ ಗಂಟು ಸರಿಮಾಡುತ್ತಾಳೆ. ಗಂಡ ಬಿಟ್ಟ ವರ್ಷ ಕೊಂಡದ್ದು ಈ ಕಾರು. ಗಂಡ ಇಲ್ದಿದ್ರೇನು, ಟರ್ಬೊ ಇದೆಯಲ್ಲ, ಎಂದು ಬಜಾರಿನ ಹೆಂಗಸರು ಆಡಿಕೊಂಡರು, ಹೌದು ಕಣ್ರೇ, ಇದೂ ಕುಡಿಯುತ್ತೆ, ಆದ್ರೆ ಕುಡಿದ ಮೇಲೆ ಕೆಲಸ ಮಾಡುತ್ತೆ ಎಂದೆ.

ಆದರೆ ದಿನವೂ ಓಡಿಸಿದವರಿಗೇ ಗೊತ್ತು. ಭಾನುವಾರ ಬೆಟ್ಟಕ್ಕೆ ಒಯ್ದು ಒರೆಸಿ ಮುಚ್ಚಿಡುವ ಗಂಡಸರ ಮಾತು ಬಿಡಿ, ನಾನು ಇದರಲ್ಲೇ ಬಟ್ಟೆಯ ಸುರುಳಿ ತರಬೇಕು, ಕಂಬಿ ಸಾಗಿಸಬೇಕು, ಅಮ್ಮನನ್ನು ರಕ್ತದೊತ್ತಡದ ಮಾತ್ರೆಗೆ ಕರೆದೊಯ್ಯಬೇಕು. ಬಿಷ್ಕೆಕ್ಕಿನ ಸಂಜೆಯ ದಟ್ಟಣೆಯಲ್ಲಿ ಕ್ಲಚ್ ಒತ್ತಿ ಒತ್ತಿ ಎಡಗಾಲಿನ ಮೀನಖಂಡ ಬಲಗಾಲಿನದಕ್ಕಿಂತ ದಪ್ಪವಾಗಿದೆ, ಶಾಲೆಯ ಮುಂದಿನ ಉಬ್ಬನ್ನು ಓರೆಯಾಗಿ ಹತ್ತಬೇಕು, ಇಲ್ಲವಾದರೆ ಕಾರಿನ ಹೊಟ್ಟೆ ನೆಲಕ್ಕೆ ಕೆರೆಯುತ್ತದೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಚಳಿಗಾಲದ ಬೆಳಿಗ್ಗೆ ಎಂಜಿನ್ ಬಿಸಿಯಾಗುವ ತನಕ ಗುಡುಗುಡು, ಮೂರನೇ ಮಹಡಿಯ ಹೆಂಗಸು ಕಿಟಕಿಯಿಂದ — ಏನಮ್ಮಾ, ಪರದೆ ಹೊಲಿಯೋಕೆ ಹೊರಟ್ಯಾ, ಯುದ್ಧಕ್ಕೆ ಹೊರಟ್ಯಾ. ಸೀಟು ಆಳ, ಅಮ್ಮ ಕೂತರೆ ತಾನಾಗಿ ಏಳಲಾರಳು, ನಾನು ಸುತ್ತಿ ಬಂದು ಎರಡೂ ಕೈ ಹಿಡಿದು ಎಳೆಯಬೇಕು, ಬಾವಿಯಿಂದ ಕೊಡ ಎತ್ತಿದ ಹಾಗೆ ಎತ್ತುತ್ತೀಯಲ್ಲೇ ಎನ್ನುತ್ತಾಳೆ, ದೂರುವುದಿಲ್ಲ, ಎದ್ದು ನಿಂತು ಸ್ವಲ್ಪ ಹೊತ್ತು ಬಾಗಿಲು ಹಿಡಿದುಕೊಂಡಿರುತ್ತಾಳೆ. ಮಾರಿ ಎಲ್ಲರ ಹಾಗೆ ಒಂದು ಸಾಧು ಕಾರು ಕೊಳ್ಳಬಹುದು. ಬೆಕ್ತುರ್ ಕೇಳಿದರೆ ಅದೇ ಆಗುತ್ತದೆ, ಸಾಧು ಕಾರು, ಸಾಧು ಕನಿಶಾಯ್, ಅಯ್ಯೋ, ಯೋಚಿಸಿದರೇ ಉಸಿರು ಕಟ್ಟುತ್ತದೆ.

ಬೇಡ, ಕೊಡುವುದಿಲ್ಲ ಎನ್ನುತ್ತೇನೆ. ಹೇಗೆ ಎನ್ನುತ್ತೀ, ನಿನ್ನನ್ನು ಕರೆದಿರುವುದೇ ಅದಕ್ಕೆ. ಅಪ್ಪ ಸತ್ತಾಗ ತಿಥಿಯ ಊಟದಲ್ಲಿ, ಈ ಮನೆ ಕಡೆಯಿಂದ ಯಾರು ಕೂರ್ತೀರಪ್ಪಾ, ಎಂದು ಸಾತಿಬಾಲ್ಡಿ ದೊಡ್ಡಪ್ಪ ಕೇಳಿದಾಗ ನಾನು ಎದುರಿಗೇ ಇದ್ದೆ, ಬಟ್ಟಲು ಹಿಡಿದು, ಅವರ ಕಣ್ಣು ನನ್ನ ಮೇಲೆ ಹಾದು ಬಾಗಿಲಿಗೆ ಹೋಯಿತು, ಎಲ್ಲಿಂದಲೋ ಒಬ್ಬ ದಾಯಾದಿ ಹುಡುಗನನ್ನು ತಂದು ಅಪ್ಪನ ಜಾಗದಲ್ಲಿ ಕೂರಿಸಿದರು, ಅವನು ಅಪ್ಪನನ್ನು ಸರಿಯಾಗಿ ನೋಡಿಯೂ ಇರಲಿಲ್ಲ. ಗಂಡು ಮಕ್ಕಳಿಲ್ಲದ ಮನೆ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದರು. ಈಗ ಅದೇ ದೊಡ್ಡಪ್ಪ ಫೋನ್ ಮಾಡಿ, ನೀನೇ ಬರ್ಬೇಕಮ್ಮ, ಹುಡುಗ ತವರಿನ ಹಕ್ಕು ಕೇಳ್ತಾನಂತೆ, ನಿಮ್ಮಪ್ಪನ ಜಾಗದಲ್ಲಿ ನೀನೇ ಕೂತ್ಕೋಬೇಕು — ಆ ಮಾತು ಕೇಳಿ ನನಗೆ ಎಷ್ಟು ಖುಷಿಯಾಯಿತೆಂದರೆ ಫೋನ್ ಇಟ್ಟು ಅಡಿಗೆಮನೆಯಲ್ಲಿ ಅತ್ತುಬಿಟ್ಟೆ, ಆಮೇಲೆ ಹೊಳೆಯಿತು, ಓಹೋ, ಜಾಗ ಕೊಡುವುದು ಕಾರು ಕೀಳುವುದಕ್ಕೆ. ಕೊಟ್ಟರೆ ಅಪ್ಪನ ಮಗಳು, ಕಾರು ಇಲ್ಲ. ಕೊಡದಿದ್ದರೆ ಕಾರು ಇದೆ, ಅಪ್ಪನ ಮನೆ ಇಲ್ಲ, ಅಕ್ಕನಿಗೆ ತವರೂ ಇಲ್ಲ. ಏನೇ ಗೊಣಗ್ತಿದೀಯಾ. ಏನಿಲ್ಲಮ್ಮ. ಅಮ್ಮ ನನ್ನನ್ನು ನೋಡುತ್ತಾಳೆ, ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು, ಆಮೇಲೆ ರಸ್ತೆ ನೋಡುತ್ತಾಳೆ, ಆಲೂಗಡ್ಡೆ ಅಗೆಯುವವರು ಹೊಲದಲ್ಲಿ ಬಗ್ಗಿದ್ದಾರೆ, ಕೊಚ್ಕೋರ್ ಬಂತು.

ಅಂಗಳದಲ್ಲಿ ಹೊಗೆ, ಹಂಡೆ, ನಾಯಿ, ಮಕ್ಕಳು. ಓಡಿಬಂದ ಕಾರನ್ನು ತಟ್ಟನೆ ಆರಿಸುವಂತಿಲ್ಲ, ಟರ್ಬೊ ತಣಿಯಬೇಕು, ಕೂತೇ ಇದ್ದೇನೆ, ಸಲ್ತನತ್ ಎರಡೂ ಕೈ ಒರೆಸಿಕೊಳ್ಳುತ್ತ ಬಂದು, ಇಳಿಯೇ, ಇನ್ನೇನು ಪೂಜೆ ನಡೀತಿದೆ ಅಲ್ಲಿ, ಅಮ್ಮನ್ನಾದ್ರೂ ಇಳಿಸು, ಅಷ್ಟರಲ್ಲಿ ಬೆಕ್ತುರ್ ಬಂದು ಅಜ್ಜಿಯನ್ನು ಸಲೀಸಾಗಿ ಎತ್ತಿ ನಿಲ್ಲಿಸಿದ್ದಾನೆ, ತಾಯೆನೆ ಬಂದ್ರು, ಅಜ್ಜಿ ಬಂದ್ರು, ಭುಜ ಅಗಲವಾಗಿದೆ, ತಲೆ ಬೋಳು, ಕಾರಿನ ಕಡೆ ಕಣ್ಣು ಹಾಯಿಸಿ ಬೇಗನೆ ತೆಗೆದ — ನೋಡಿದೆಯಾ ಕನಿಶಾಯ್, ನೋಡಿದೆ. ಒಳಗೆ ಗೋಡೆಯುದ್ದಕ್ಕೂ ಹಾಸಿಗೆ, ನಡುವೆ ಊಟದ ಹಾಸು, ದೊಡ್ಡಪ್ಪ ತನ್ನ ಪಕ್ಕ ತಟ್ಟಿ ಕರೆದರು, ಇಲ್ಲಿ ಬಾ ಮಗಳೇ, ಮೇಲೆ ಬಾ, ಹೋದೆ, ಮಂಡಿ ಮಡಿಸಿ ಕೂತೆ, ಕುರಿಯ ಸೊಂಟದ ದೊಡ್ಡ ಮೂಳೆ, ಹಿರಿಯರ ಪಾಲು, ನನ್ನ ತಟ್ಟೆಗೆ ಬಂತು, ಅಪ್ಪನಿಗೆ ಬರುತ್ತಿದ್ದ ಮೂಳೆ, ಚಾಕು ಹಿಡಿದರೆ ಕೈ ಈಗಲೇ ನಡುಗುತ್ತಿದೆ, ಕಾರಿನ ಬೀಗದ ಕೈ ಕೋಟಿನ ಜೇಬಿನಲ್ಲಿ ತೊಡೆಗೆ ಒತ್ತುತ್ತಿದೆ. ಅಮ್ಮ ಹೆಂಗಸರ ಸಾಲಿನಲ್ಲಿ ಬಿಳಿಯ ಔತಣದ ತಲೆವಸ್ತ್ರದಲ್ಲಿ, ನನ್ನ ಕಡೆ ನೋಡುತ್ತಿಲ್ಲ.

ಬೆಕ್ತುರ್ ಎದ್ದ. ತಾಯೆಜೆ, ನನ್ನ ಹಕ್ಕು ಕೇಳ್ಲಾ? ಕೇಳಪ್ಪ. ಕೊಡ್ತೀರಾ? ಮೊದ್ಲು ಕೇಳೋ, ಬಾಯಲ್ಲಿ ಮಾಂಸ ಇಟ್ಕೊಂಡು ಎಷ್ಟು ಹೊತ್ತು ಕೂರ್ಲಿ, ಎಂದೆ, ಎಲ್ಲರೂ ನಕ್ಕರು, ನಾನೂ ನಕ್ಕೆ, ಅಪ್ಪನ ಹಾಗೆ ಹಲ್ಲೆಲ್ಲ, ಜೇಬಿನಲ್ಲಿ ಕೈ. ಅವನು ಗಂಟಲು ಸರಿಮಾಡಿಕೊಂಡ, ಪಾಠ ಒಪ್ಪಿಸುವವನ ಹಾಗೆ — ತಾಯೆನೆಯನ್ನ ನಮಗೆ ಕೊಡಿ, ಇನ್ಮೇಲೆ ಇಲ್ಲೇ ಇರ್ಲಿ, ನಮ್ಮ ಮನೇಲಿ. ಅಮ್ಮನನ್ನೇ ಕೇಳುತ್ತಿದ್ದಾನೆ, ತಮಾಷೆ ಎಂದು ಇನ್ನೂ ನಗುತ್ತಲೇ ಇದ್ದೇನೆ, ನಗು ಮುಖದ ಮೇಲೆ ಉಳಿದುಬಿಟ್ಟಿದೆ, ತೆಗೆಯಲು ಬರುತ್ತಿಲ್ಲ, ಕೈ ಜೇಬಿನಿಂದ ಹೊರಬಂದು ಬೀಗದ ಕೈಯನ್ನು ಹಾಸಿನ ಮೇಲೆ, ಮೂಳೆಗಳ ನಡುವೆ ಇಟ್ಟುಬಿಟ್ಟಿದೆ, ಕಾರು ತಗೋ ಬೆಕ್ತುರ್, ತಗೋ, ಕಾರು ಕೊಟ್ಟೆ. ಮತ್ತೆ ನಗು. ಕೇಳಿದ್ದನ್ನ ಕೊಡಮ್ಮ, ಕೇಳ್ದೇ ಇದ್ದದ್ದನ್ನ ಯಾಕೆ ಮುಂದೆ ಮಾಡ್ತೀಯಾ, ಎಂದರು ದೊಡ್ಡಪ್ಪ. ಬೆಕ್ತುರ್ ಎರಡು ಬೆರಳಿನಿಂದ ಬೀಗದ ಕೈಯನ್ನು ನನ್ನ ಕಡೆಗೆ ತಳ್ಳಿದ, ಮಾಂಸದ ಜಿಡ್ಡು ಹತ್ತಿತು, ಅದು ಬೇಡ ತಾಯೆಜೆ. ಅಮ್ಮ, ಅಮ್ಮ ಏನಾದರೂ ಹೇಳಬಾರದೇ, ಅವಳು ಚಹಾದ ಬಟ್ಟಲು ತಿರುಗಿಸುತ್ತಿದ್ದಾಳೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ಅಪ್ಪನ ಜಾಗದಲ್ಲಿ ಕೂತವಳನ್ನು. ಕೊಟ್ಟೆ, ಎಂದೆ. ಪ್ರಾರ್ಥನೆಗೆ ಅಂಗೈಗಳು ಎದ್ದವು, ಹರಸಿದರು, ಮುಖ ಒರೆಸಿಕೊಂಡರು, ನಾನೂ ಒರೆಸಿಕೊಂಡೆ, ಜಿಡ್ಡಿನ ಕೈಯಿಂದಲೇ.

ಹೊರಗೆ ಬಂದಿದ್ದೇನೆ, ಬಿಸಿಲು ಇನ್ನೂ ಇದೆ, ಹೊರಡಬೇಕು, ನಾಳೆ ಆ ಕಂಬಿ ಹಾಕಬೇಕು, ಎಂಜಿನ್ ಗುಡುಗುತ್ತಿದೆ, ಬೆಕ್ತುರ್ ಕಿಟಕಿಗೆ ಬಗ್ಗಿ ಕಾರಿನ ಛಾವಣಿಯನ್ನು ಸವರುತ್ತಿದ್ದಾನೆ, ಕುದುರೆಯ ಕತ್ತು ಸವರುವ ಹಾಗೆ. ನಿಜ ಹೇಳೋ, ಇದು ನಿನಗೆ ಬೇಡ್ವಾ? ಬೇಡ್ದೇ ಏನು ತಾಯೆಜೆ, ಸೈನ್ಯದಲ್ಲಿ ಕಾವಲು ನಿಂತಾಗ ಗಾಳಿಯಲ್ಲೇ ಇದರ ಗೇರ್ ಹಾಕ್ತಿದ್ದೆ, ಇದನ್ನೇ ಕೇಳೋಣ ಅಂತಿದ್ದೆ. ಮತ್ತೆ? ಅವನು ಮನೆಯ ಕಡೆ ನೋಡಿದ. ತಾಯೆನೆ ಫೋನ್ ಮಾಡಿದ್ರು. ಕಾರು ಕೇಳ್ಬೇಡ ಮಗನೇ, ಕೇಳಿದ್ರೆ ಕೊಟ್ಟುಬಿಡ್ತಾಳೆ, ಅವರಪ್ಪನ ಹಾಗೆ ನಗ್ತಾ ಕೊಡ್ತಾಳೆ, ಆಮೇಲೆ ಅವಳಲ್ಲಿ ಏನೂ ಉಳಿಯಲ್ಲ, ನಿನ್ನ ಹಕ್ಕೂ ಉಳೀಬೇಕು, ಅವಳ ಮಾನಾನೂ ಉಳೀಬೇಕು, ನನ್ನನ್ನೇ ಕೊಡಿ ಅಂತ ಕೇಳು, ಅಂದ್ರು. ನಾನು ಹೇಳ್ದೆ ಅನ್ಬೇಡಿ, ನನ್ನ ಕೊಂದೇ ಹಾಕ್ತಾರೆ. ಹೋದ. ಅಂದರೆ ಗೊತ್ತಿತ್ತು, ಬೋರ್ಸೋಕ್ ಕರಿಯುವಾಗ ಗೊತ್ತಿತ್ತು, ತಡಿ ತಡಿ ಈಗ ಹೋಗು ಎನ್ನುವಾಗ ಗೊತ್ತಿತ್ತು, ನಾನು ಕಾರಿಗಾಗಿ ಅಳುಮುಖ ಮಾಡಿಕೊಂಡು ಕೂತಿದ್ದಾಗ ಪಕ್ಕದಲ್ಲೇ ಕೂತು ತನ್ನನ್ನು ಒತ್ತೆಯಿಟ್ಟು ಕಾರು ಬಿಡಿಸಿಕೊಳ್ಳುತ್ತಿದ್ದಳು, ಅಮ್ಮಾ, ನಿನಗೇನು ಹುಚ್ಚೇ, ತಗಡು ಇದು, ತಗಡು, ಒಳಗೆ ಹೋಗಿ ಕೈ ಹಿಡಿದು ಎಳೆದುಕೊಂಡು ಬರುತ್ತೇನೆ, ಹೋಗುತ್ತೇನೆ, ಬಾಗಿಲಿನ ಹಿಡಿಕೆಗೆ ಕೈ ಹಾಕಿದೆ — ಕಿಟಕಿಯಲ್ಲಿ ಅವಳು. ಅಕ್ಕನ ಅಡಿಗೆಮನೆಯ ಕಿಟಕಿ. ಬಿಳಿಯ ತಲೆವಸ್ತ್ರ ತೆಗೆದು ಮಡಿಸಿ ಇಟ್ಟಳು, ಚೀಲದಿಂದ ಇನ್ನೊಂದು ತೆಗೆದಳು, ನೀಲಿಯದು, ಹಿಟ್ಟು ನಾದುವಾಗ ಕಟ್ಟುವ ಹಳೆಯದು, ಅಂಚು ಹರಿದದ್ದು, ನೆಂಟರ ಮನೆಗೆ ಹೋಗುವವರು ಯಾರೂ ಒಯ್ಯುವಂಥದಲ್ಲ, ಮನೆಯಲ್ಲಿ ಕಟ್ಟುವುದು, ಅದನ್ನು ತಂದಿದ್ದಾಳೆ, ಕೊಡವಿದಳು, ತಲೆಗೆ ಹಾಕಿ ಎರಡೂ ಕೈ ಹಿಂದಕ್ಕೆ ಒಯ್ದಳು, ಗಂಟು. ಕಣ್ಣು ಮುಚ್ಚಿದರೆ ನೀಲಿ, ಎರಡು ಕೈ ಹಿಂದಕ್ಕೆ, ಗಂಟು. ರಿವರ್ಸ್ ಹಾಕಿದ್ದೇನೆ, ಕ್ಲಚ್ ಒತ್ತಿಯೇ ಇದ್ದೇನೆ, ಕನ್ನಡಿಯಲ್ಲಿ ರಸ್ತೆ ಇರಬೇಕು, ರಸ್ತೆ ಇಲ್ಲ, ಎರಡು ಕೈ ಹಿಂದಕ್ಕೆ, ನೀಲಿ, ಅಂಚು ಹರಿದದ್ದು, ಗಂಟು