ಆಮೆನ್ ಹೇಳದ ಪ್ರಾರ್ಥನೆ

ನನ್ನ ಗಂಡ ಕೆಪುಏಲಿ ಶನಿವಾರ ಮೀನಿಗೆ ಹೋದವನು ಭಾನುವಾರ ಬೆಳಗಾದರೂ ಮರಳಿರಲಿಲ್ಲ. ಹವಳದ ದಿಬ್ಬದಾಚೆ ಅವನ ದೋಣಿ ಚುಕ್ಕಿಯಷ್ಟೇ ಕಾಣುತ್ತಿತ್ತು. ಎಂಜಿನ್ ಕೆಟ್ಟಿದೆ, ಸೆಳೆತ ಅವನನ್ನು ಆಚೆಗೆ ಎಳೆಯುತ್ತಿದೆ ಎಂದು ದಡದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೆ ನಮ್ಮ ಟೊಂಗಾ ದ್ವೀಪಗಳಲ್ಲಿ ಭಾನುವಾರ ದೇವರ ದಿನ, ಯಾರೂ ದೋಣಿ ಮುಟ್ಟುವುದಿಲ್ಲ.

"ದೇವರ ಮೇಲೆ ಭಾರ ಹಾಕು, ಮೆಲೆಸೆನಿ" ಎಂದರು ಪಾದ್ರಿ ಮೊಸೆಸೆ. "ನಾಳೆ ಬೆಳಗಾಗ್ತಿದ್ದಂಗೆ ದೋಣಿ ಕಳಿಸೋಣ."

ನಾಳೆಗೆ ಆ ಚುಕ್ಕಿಯೂ ಇರುತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಇದೇ ಪಾದ್ರಿಯ ಮಧ್ಯಾಹ್ನದ ಊಟಕ್ಕೆ ಹಂದಿಮರಿ ಆಗಲೇ ನೆಲದೊಲೆಯಲ್ಲಿ ಬೇಯುತ್ತಿತ್ತು. ಒಲೆ ಹೊತ್ತಿಸಿದರೆ ಮುನಿಯದ ದೇವರು ದೋಣಿ ತಳ್ಳಿದರೆ ಮುನಿಯುತ್ತಾನೆಯೇ?

ಚರ್ಚಿನಲ್ಲಿ ಪ್ರಾರ್ಥನೆ ನಡೆಸಲು ನನ್ನನ್ನೇ ಕರೆದರು. ನಮ್ಮಲ್ಲಿ ಪ್ರಾರ್ಥಿಸುವವರು ಆಮೆನ್ ಎನ್ನುವವರೆಗೆ ಯಾರೂ ಕಣ್ಣು ತೆರೆಯುವಂತಿಲ್ಲ, ಮಧ್ಯೆ ಬಾಯಿ ಹಾಕುವಂತಿಲ್ಲ.

"ಅಪ್ಪಾ, ನಿನ್ನ ಮೇಲೆ ನಂಗೆ ನಂಬಿಕೆ ಇದೆ. ಇಲ್ಲಿ ಕೂತಿರೋರ ಮೇಲಿಲ್ಲ. ತೌಫಾನ ದೋಣಿ ಮರದಡಿ ಸುಮ್ನೆ ಬಿದ್ದಿದೆ, ಟ್ಯಾಂಕ್ ತುಂಬ ಪೆಟ್ರೋಲಿದೆ. ನೀನು ನೋಡ್ತಿದೀಯ ತಾನೇ?"

ಆಮೆನ್ ನುಂಗಿಕೊಂಡು ಹೊರಗೆ ನಡೆದೆ. ಬಗ್ಗಿದ ತಲೆಗಳು ಹಾಗೆಯೇ ಇದ್ದವು.

ಒಬ್ಬಳೇ ಎಷ್ಟು ತಳ್ಳಿದರೂ ದೋಣಿ ಅಲುಗಲಿಲ್ಲ. ಸಿಟ್ಟಿಗೆ ಅಳು ಬರುವಷ್ಟರಲ್ಲಿ ಪಕ್ಕದಲ್ಲಿ ಇನ್ನೆರಡು ಕೈ ಬಂದವು. ತೌಫಾ. ಚರ್ಚಿಗೆ ಹಾಕಿದ್ದ ಬಟ್ಟೆಯಲ್ಲೇ ಓಡಿಬಂದಿದ್ದ.

"ಆಮೆನ್ ಅಂದಿಲ್ಲ ತಾನೇ?"

"ಇಲ್ಲ."

"ಹಂಗಾದ್ರೆ ಪಾದ್ರಿ ಇನ್ನೂ ಕಣ್ಣು ಬಿಟ್ಟಿರಲ್ಲ. ಬೇಗ ತಳ್ಳು, ಮಾರಾಯ್ತಿ."

ಚುಕ್ಕಿಯನ್ನು ತಲುಪಿದಾಗ ಬಿಸಿಲು ನೆತ್ತಿಗೇರಿತ್ತು. ಕೆಪುಏಲಿ ದೋಣಿಯ ತಳದಲ್ಲಿ ಬಿದ್ದಿದ್ದ. ತುಟಿ ಒಡೆದು ರಕ್ತ ಹೆಪ್ಪುಗಟ್ಟಿತ್ತು, ನೀರಿನ ಕ್ಯಾನು ಬರಿದಾಗಿತ್ತು. ಬದುಕಿದ್ದ. ನನ್ನ ಮುಖ ಕಂಡು ಅವನಿಗೆ ಸಂತೋಷವಾಗುವ ಬದಲು ಗಾಬರಿಯಾಯಿತು.

"ಇವತ್ತು ಭಾನುವಾರ ಅಲ್ವೇನೇ?"

ನಾನು ಅವನ ದೋಣಿಗೆ ದಾಟಿದೆ. ಅವನ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡೆ.

"ಯಾರೂ ಬರಲ್ಲ ಅಂತ ಗೊತ್ತಿತ್ತು" ಎಂದ, ಒಂದೊಂದೇ ಮಾತು ಕೂಡಿಸಿಕೊಂಡು. "ಅದಕ್ಕೇ ದೇವರ ಹತ್ರ ಜಾಸ್ತಿ ಏನೂ ಕೇಳ್ಲಿಲ್ಲ. ಸೋಮವಾರದ ತನಕ ಜೀವ ಹಿಡಿದಿಡು ಅಂದೆ, ಅಷ್ಟೇ."

ಸಾಯುತ್ತಿದ್ದ ಮನುಷ್ಯ, ದೇವರನ್ನು ಸಹ ಭಾನುವಾರ ದೋಣಿ ಕಳಿಸು ಎಂದು ಕೇಳಲು ಹೆದರಿದ್ದ. ಅವನಿಗೆ ಗುಟುಕು ಗುಟುಕಾಗಿ ನೀರು ಕುಡಿಸಿದೆ. ಆಮೇಲೆ ಕೆನ್ನೆಗೆ ಒಂದು ಬಾರಿಸಿದೆ.