ಚಿಟ್ಟೆ ರೆಕ್ಕೆ ಇಲ್ಲದ ರೇಡಿಯೇಟರ್

ರೇಡಿಯೇಟರಿನ ಕುದಿನೀರು ಚಿಮ್ಮಿ ನನ್ನಣ್ಣ ದೆಲ್ಫಿನ್‌ನ ಎರಡೂ ಕೈ ಸುಟ್ಟವು. ಇಂಜಿನ್ ಕುದಿಸಿದ ತಪ್ಪು ಅವನದೇ ಎಂದು ಮಾಲೀಕ, ನಮ್ಮೂರ ಮುಖ್ಯಸ್ಥ ಕಪಿತಾನ್ ರೋಸೆಂಡೊ ಅವನನ್ನು ಜನ ಒಯ್ಯುವ ಜೀಪ್ನಿ ಗಾಡಿಯ ಚಾಲಕನ ಸೀಟಿನಿಂದ ಇಳಿಸಿ ಕೀಲಿಯನ್ನು ನನಗೆ ಕೊಟ್ಟ.

ವಾಟರ್ ಪಂಪ್ ಹೊಸದು. ಥರ್ಮೋಸ್ಟ್ಯಾಟ್ ಹೊಸದು. ರೇಡಿಯೇಟರನ್ನು ಬಿಚ್ಚಿ ತೊಳೆಸಿದ್ದೂ ಆಯಿತು. ಆದರೂ ಆಂಟಿಪೋಲೊ ಬೆಟ್ಟದ ಏರಿನ ಅರ್ಧಕ್ಕೆ ಬಂದರೆ ಇಂಜಿನ್ ಕಾವಿನ ಮುಳ್ಳು ಕೆಂಪಿಗೆ ಹೋಗುತ್ತಿತ್ತು. ಆವಿ ಎದ್ದು ಗಾಜು ಮುಚ್ಚುತ್ತಿತ್ತು. ಆ ಬಿಳುಪಿನಲ್ಲಿ ರಸ್ತೆ, ಮಾವಿನ ಮರ, ಕೆಳಗಿನ ಸರೋವರ ಒಂದೊಂದೇ ಕರಗುತ್ತಿದ್ದವು. ಜನ ಮೋಡದೊಳಗೆ ನಿದ್ದೆಹೋದವರಂತೆ ಕೂತಿರುತ್ತಿದ್ದರು.

"ಮತ್ತೆ ಅನ್ನಕ್ಕಿಟ್ಟೆಯೇನೋ?" ಮೀನು ಮಾರುವ ಅಜ್ಜಿ ಕಣ್ಣುಮುಚ್ಚಿಯೇ ಕೇಳುತ್ತಿದ್ದಳು. "ಬೆಂದ್ಮೇಲೆ ಎಬ್ಬಿಸು."

ಇನ್ನೊಮ್ಮೆ ಕುದಿದರೆ ನಾನೂ ಕೆಳಗೆ. ನಮ್ಮ ಮನೆಯಲ್ಲಿ ದುಡಿಯುವ ಬೇರೆ ಕೈ ಇರಲಿಲ್ಲ.

ಭಾನುವಾರ ಚರ್ಚಿನ ಪೂಜೆ ಮುಗಿಸಿ ದೆಲ್ಫಿನ್ ಬಂದ. ಕೈಗೆ ಬಟ್ಟೆ ಸುತ್ತಿತ್ತು.

"ಕನಸಲ್ಲಿ ನಾನು ಈ ಬಾನೆಟ್ಟಿನೊಳಗೇ ಕೂತಿದ್ದೆ ಕಣೋ. ಒಂಚೂರೂ ಗಾಳಿ ಇರ್ಲಿಲ್ಲ."

"ನೋವಿನ ಮಾತ್ರೆ ಜಾಸ್ತಿಯಾಗಿದೆ ನಿಂಗೆ."

"ಬಾನೆಟ್ ಎತ್ತು, ಪಂಡಿತ."

ಎತ್ತಿದೆ. ಅವನು ಬಹಳ ಹೊತ್ತು ಬಗ್ಗಿ ನೋಡಿದ.

"ಚಿಟ್ಟೆ ಎಲ್ಲಿ?"

"ಯಾವ ಚಿಟ್ಟೆ?"

"ಮೊದ್ಲು ಸಂಜೆ ಬಂದ್ರೆ ಈ ಜಾಲರಿ ತುಂಬ ಚಿಟ್ಟೆ ರೆಕ್ಕೆ, ಹುಲ್ಲಿನ ಹೂವು ಅಂಟಿರ್ತಿತ್ತು. ಈಗ ನೋಡು, ತೊಳೆಸಿ ಇಷ್ಟು ದಿನ ಆದ್ರೂ ಪಾದ್ರಿ ಬಟ್ಟಲಿನ ಹಾಗೆ ಫಳಫಳ ಅಂತಿದೆ. ಇಲ್ಲಿಗೆ ಗಾಳೀನೇ ಬರ್ತಿಲ್ಲ."

ಇಬ್ಬರೂ ಮುಂಭಾಗಕ್ಕೆ ಬಂದೆವು. ಬೆಳ್ಳಿಬಣ್ಣದ ಕುದುರೆ ಗೊಂಬೆಗಳ ನಡುವೆ, ಚುನಾವಣೆಗೆಂದು ಜಾಲರಿಗೆ ಅಡ್ಡ ಹೊಡೆಸಿದ ಅಗಲವಾದ ತಗಡಿನ ಚಿತ್ರದಲ್ಲಿ ಕಪಿತಾನ್ ನಗುತ್ತಿದ್ದ. ಜೀಪ್ನಿಯ ಮೂತಿಗೆ ಏನು ಹೇರಿದರೂ ನಮಗದು ಒಡವೆ. ಒಡವೆ ಉಸಿರು ಕಟ್ಟಿಸುತ್ತದೆಂದು ಪಂಪ್ ಬದಲಿಸಿದವರಿಗೂ ಹೊಳೆದಿರಲಿಲ್ಲ, ದಿನಾ ಅದನ್ನು ಒರೆಸುತ್ತಿದ್ದ ನನಗೂ.

ತಗಡು ಬಿಚ್ಚಿ ಏರು ಹತ್ತಿದೆವು. ಮುಳ್ಳು ನಡುವಿನಲ್ಲೇ ತೂಕಡಿಸುತ್ತಾ ನಿಂತಿತು. ಸರೋವರ ಕರಗದೆ ನಮ್ಮ ಜೊತೆಗೇ ಮೇಲೆ ಬಂದಂತಿತ್ತು. ತುದಿಯಲ್ಲಿ ನಿಲ್ಲಿಸಿದಾಗ ಜಾಲರಿಯಲ್ಲಿ ಒಂದು ಹಳದಿ ರೆಕ್ಕೆ ಅದುರುತ್ತಿತ್ತು. ದೆಲ್ಫಿನ್ ಬಟ್ಟೆ ಸುತ್ತಿದ ಬೆರಳನ್ನು ಅದರ ಹತ್ತಿರ ಒಯ್ದು, ಮುಟ್ಟದೆ ಹಿಂತೆಗೆದ.

ಕೆಳಗೆ ನಿಲ್ದಾಣದಲ್ಲಿ ಕಪಿತಾನ್ ಕಾದಿದ್ದ.

"ನನ್ನ ಮುಖ ಎಲ್ಲಿ?"

"ಸೀಟಿನ ಕೆಳಗಿದೆ, ಕಪಿತಾನ್," ಎಂದು ಎಲ್ಲ ವಿವರಿಸಿದೆ.

ಅವನು ತಲೆಯಾಡಿಸುತ್ತಾ ಕೇಳಿದ. ನಕ್ಕ, ಥೇಟ್ ತಗಡಿನ ನಗು.

"ಸರಿ ಬಿಡು. ದೆಲ್ಫಿನ್, ಕೈ ವಾಸಿಯಾದ್ಮೇಲೆ ಸೀಟು ನಿಂದೇ. ಚುನಾವಣೆ ಮುಗಿಯೋತನ್ಕ ಆ ತಗಡೊಂದು ಅಲ್ಲೇ ಇರ್ಲಿ. ನೀರಿನ ಕ್ಯಾನ್ ಇನ್ನೊಂದು ಇಟ್ಕೊಂಡ್ರಾಯ್ತು. ಕಟ್ಟು ಅಂತ ಹೇಳು ನಿನ್ ತಮ್ಮಂಗೆ."

ನಾನು ಅಣ್ಣನನ್ನು ನೋಡಿದೆ. ಅವನು ತನ್ನ ಕೈಗಳನ್ನು ನೋಡಿಕೊಂಡ.

"ಹೇಳಲ್ಲ," ಅಂದ.

ಕಪಿತಾನ್ ನನ್ನ ಕಡೆ ತಿರುಗಿದ.

"ನಾನೂ ಕಟ್ಟಲ್ಲ," ಅಂದೆ.